ಹಿಟ್ಲರನಿಗೆ ಅಧಿಕಾರ ಕೊಟ್ಟದ್ದು ಹಸಿವೇ?

ಜರ್ಮನಿಯ ಜನ ಹಸಿದಿದ್ದರು, ರೊಚ್ಚಿಗೆದ್ದಿದ್ದರು, ಹಿಟ್ಲರನನ್ನು ಗೆಲ್ಲಿಸಿದರು. ನಾಜಿಗಳ ಏಳಿಗೆಯ ಕಥೆಯನ್ನು ನಾವು ಹೀಗೆ ಒಂದೇ ಉಸಿರಿನಲ್ಲಿ ಹೇಳಿ ಮುಗಿಸುತ್ತೇವೆ. ಇದರಲ್ಲಿ ಇರುವುದು ಅರ್ಧ ಸತ್ಯ. ಉಳಿದರ್ಧವನ್ನು ಬಿಟ್ಟುಬಿಟ್ಟರೆ ನಿಜವಾದ ಹೊಣೆಗಾರರು ಕಣ್ಮರೆಯಾಗುತ್ತಾರೆ.

ತಪ್ಪು ಕಲ್ಪನೆ: 1923ರ ಹಣದುಬ್ಬರವೇ ಹಿಟ್ಲರನನ್ನು ಗದ್ದುಗೆಗೇರಿಸಿತು.

ಸತ್ಯ: 1923ರ ನವೆಂಬರಿನಲ್ಲಿ ಒಂದು ಡಾಲರಿಗೆ 4.2 ಲಕ್ಷ ಕೋಟಿ ಮಾರ್ಕ್ ಕೊಡಬೇಕಿತ್ತು. ಮಧ್ಯಮವರ್ಗದವರು ಜೀವಮಾನವಿಡೀ ಕೂಡಿಟ್ಟ ಹಣ ಕಸವಾಯಿತು. ಅದೇ ತಿಂಗಳು ಮ್ಯೂನಿಕ್‌ನಲ್ಲಿ ದಂಗೆಗೆ ಕೈಹಾಕಿದ ಹಿಟ್ಲರ್ ಸೋತು ಜೈಲು ಸೇರಿದ. ಹೊಸ ಕರೆನ್ಸಿ ಬಂದು ಬೆಲೆಗಳು ಹತೋಟಿಗೆ ಬಂದವು. 1928ರ ಚುನಾವಣೆಯಲ್ಲಿ ನಾಜಿಗಳಿಗೆ ಸಿಕ್ಕಿದ್ದು ಶೇ. 2.6 ಮತ ಮಾತ್ರ.

ಗಾಳಿ ತಿರುಗಿದ್ದು 1929ರ ಮಹಾ ಆರ್ಥಿಕ ಕುಸಿತದ ನಂತರ. ಈ ಸಲ ಬೆಲೆ ಏರಲಿಲ್ಲ, ಇಳಿಯಿತು. ಅದರ ಜೊತೆಗೆ ಕೆಲಸಗಳೂ ಹೋದವು. 1932ರ ಆರಂಭಕ್ಕೆ ನೋಂದಾಯಿತ ನಿರುದ್ಯೋಗಿಗಳೇ ಸುಮಾರು 60 ಲಕ್ಷ. ಅಂಥ ಹೊತ್ತಿನಲ್ಲಿ ಚಾನ್ಸಲರ್ ಬ್ರೂನಿಂಗ್ ಸಂಬಳ ಮತ್ತು ನಿರುದ್ಯೋಗ ಭತ್ಯೆಗೆ ಕತ್ತರಿ ಹಾಕಿ, ತೆರಿಗೆ ಏರಿಸಿದರು. ನಾಜಿಗಳ ಮತ 1930ರಲ್ಲಿ ಶೇ. 18.3ಕ್ಕೆ, 1932ರ ಜುಲೈನಲ್ಲಿ ಶೇ. 37ಕ್ಕೆ ಜಿಗಿಯಿತು.

ತಪ್ಪು ಕಲ್ಪನೆ: ಕೆಲಸ ಕಳೆದುಕೊಂಡವರೇ ನಾಜಿಗಳ ಬೆನ್ನೆಲುಬು.

ಸತ್ಯ: ನಿರುದ್ಯೋಗಿ ಕಾರ್ಮಿಕರು ಹೆಚ್ಚಾಗಿ ವಾಲಿದ್ದು ಕಮ್ಯುನಿಸ್ಟರ ಕಡೆಗೆ. ನಾಜಿಗಳಿಗೆ ಎಲ್ಲ ವರ್ಗಗಳಿಂದಲೂ ಮತ ಬಂತು, ಕಾರ್ಮಿಕರಿಂದಲೂ ಬಂತು. ಆದರೆ ಗಟ್ಟಿ ನೆಲೆ ಸಿಕ್ಕಿದ್ದು ಪ್ರೊಟೆಸ್ಟೆಂಟ್ ಪ್ರದೇಶಗಳ ರೈತರು, ಸಣ್ಣ ಅಂಗಡಿಯವರು, ಕುಶಲಕರ್ಮಿಗಳಲ್ಲಿ. ಇವರಲ್ಲಿ ಬಹಳಷ್ಟು ಮಂದಿ ಇನ್ನೂ ದುಡಿಯುತ್ತಿದ್ದವರು; ಸಾಲಕ್ಕೆ ಜಮೀನು ಹೋದೀತು, ಅಂಗಡಿ ಮುಚ್ಚೀತು ಎಂಬ ಭಯದಲ್ಲಿದ್ದವರು. ಅದೇ ಕುಸಿತಕ್ಕೆ ಸಿಕ್ಕಿದ ಕ್ಯಾಥೊಲಿಕರು ಬಹುಪಾಲು ತಮ್ಮ ಸೆಂಟರ್ ಪಕ್ಷವನ್ನು ಬಿಡಲಿಲ್ಲ. ಕಷ್ಟ ಒಂದೇ ಆದರೂ ಮತ ಒಂದೇ ಆಗಲಿಲ್ಲ.

ತಪ್ಪು ಕಲ್ಪನೆ: ಬಹುಮತ ಕೊಟ್ಟು ಜನರೇ ಹಿಟ್ಲರನನ್ನು ಆರಿಸಿದರು.

ಸತ್ಯ: ಮುಕ್ತ ಚುನಾವಣೆಯಲ್ಲಿ ನಾಜಿಗಳಿಗೆ ಒಮ್ಮೆಯೂ ಬಹುಮತ ಬರಲಿಲ್ಲ. 1932ರ ಅಧ್ಯಕ್ಷೀಯ ಚುನಾವಣೆಯಲ್ಲಿ ಹಿಟ್ಲರ್ ಆಗಿನ ಅಧ್ಯಕ್ಷ ಹಿಂಡನ್‌ಬರ್ಗ್ ಎದುರು ಸೋತ. ಆ ವರ್ಷದ ನವೆಂಬರಿನಲ್ಲಿ ಅವನ ಪಕ್ಷ 20 ಲಕ್ಷ ಮತ ಕಳೆದುಕೊಂಡು ಶೇ. 33ಕ್ಕೆ ಇಳಿಯಿತು. ಇಳಿಮುಖವಾಗಿದ್ದ ಅವನನ್ನು 1933ರ ಜನವರಿ 30ರಂದು ಚಾನ್ಸಲರ್ ಆಗಿ ನೇಮಿಸಿದ್ದು ಅದೇ ಹಿಂಡನ್‌ಬರ್ಗ್. ಅದಕ್ಕೆ ದಾರಿ ಮಾಡಿದ್ದು ಮಾಜಿ ಚಾನ್ಸಲರ್ ಪಾಪೆನ್ ಮತ್ತು ಅವರ ಸುತ್ತಲಿನ ಸಂಪ್ರದಾಯವಾದಿಗಳು. ಸಂಪುಟದಲ್ಲಿ ಹಿಟ್ಲರನೂ ಸೇರಿ ನಾಜಿಗಳು ಮೂವರೇ. ಅವರನ್ನು ಅಂಕೆಯಲ್ಲಿಡಬಹುದು ಎಂದು ಸಂಪ್ರದಾಯವಾದಿಗಳು ಲೆಕ್ಕ ಹಾಕಿದ್ದರು. ಲೆಕ್ಕ ತಪ್ಪಿತು, ಬೆಲೆ ತೆತ್ತದ್ದು ಜಗತ್ತು.

ತಪ್ಪು ಕಲ್ಪನೆ: ಬಡತನ ಬಂದರೆ ಉಗ್ರವಾದ ಬಂದೇ ಬರುತ್ತದೆ.

ಸತ್ಯ: ಅದೇ ಕುಸಿತದಲ್ಲಿ ಅಮೆರಿಕದ ದುಡಿಯುವವರಲ್ಲಿ ಸುಮಾರು ನಾಲ್ಕರಲ್ಲೊಬ್ಬರು ಕೆಲಸ ಕಳೆದುಕೊಂಡರು, ಆದರೂ ಅಲ್ಲಿನ ಮತದಾರರು ಆರಿಸಿದ್ದು ಉಗ್ರವಾದಿಯನ್ನಲ್ಲ, ರೂಸ್‌ವೆಲ್ಟ್‌ರನ್ನು. ಜರ್ಮನಿಯಲ್ಲಾದರೋ ಮೊದಲ ಮಹಾಯುದ್ಧ ಸೋತ ಅವಮಾನವಿತ್ತು, ಗಣರಾಜ್ಯವನ್ನೇ ಒಪ್ಪದ ಪ್ರಭಾವಿಗಳಿದ್ದರು, ಸಂಸತ್ತನ್ನು ಬದಿಗೊತ್ತಿ ತುರ್ತು ಆಜ್ಞೆಗಳಿಂದ ಆಳುವ ರೂಢಿಯೂ ಬೆಳೆದಿತ್ತು. ಅಲ್ಲೂ ಎಲ್ಲರೂ ತಲೆಬಾಗಲಿಲ್ಲ. 1933ರ ಮಾರ್ಚ್ 23ರಂದು ಹಿಟ್ಲರನಿಗೆ ಸರ್ವಾಧಿಕಾರ ಕೊಡುವ ಮಸೂದೆ ಬಂದಾಗ ನಾಜಿ ಪಡೆಯವರು ಸುತ್ತುವರಿದಿದ್ದರೂ 94 ಸೋಷಿಯಲ್ ಡೆಮಾಕ್ರಟರು ವಿರುದ್ಧ ಮತ ಹಾಕಿದರು. ಸೆಂಟರ್ ಪಕ್ಷ ಸೇರಿದಂತೆ ಪರವಾಗಿ ನಿಂತವರು 444 ಮಂದಿ.

ಕಷ್ಟ ಜನರನ್ನು ಕೆರಳಿಸುತ್ತದೆ, ನಿಜ. ಆ ಸಿಟ್ಟನ್ನು ದ್ವೇಷವಾಗಿ ತಿರುಗಿಸಿದವರು, ದ್ವೇಷಕ್ಕೆ ಮತ ಹಾಕಿದವರು, ಕೊನೆಗೆ ಅದರ ಕೈಗೆ ಸರ್ಕಾರವನ್ನು ಒಪ್ಪಿಸಿದವರು ಬೇರೆ ದಾರಿ ಇದ್ದೂ ಹಾಗೆ ಮಾಡಿದರು. ಎಲ್ಲವನ್ನೂ ಹಸಿವಿನ ತಲೆಗೆ ಕಟ್ಟಿದರೆ ಬಡವರಿಗೆ ಅನ್ಯಾಯವಾಗುತ್ತದೆ, ತಪ್ಪು ಮಾಡಿದವರಿಗೆ ಕ್ಷಮೆ ಸಿಗುತ್ತದೆ.