ಸಿಕ್ಕಿದ ಹರಳು ಯಾರದು?

ಅಮೆರಿಕದ ಅರ್ಕನ್ಸಾ ರಾಜ್ಯದ ನೈಋತ್ಯ ಭಾಗದಲ್ಲಿ, ಮರ್ಫ್ರೀಸ್‌ಬರೊ ಎಂಬ ಸಣ್ಣ ಊರಿನ ಸಮೀಪ, 37.5 ಎಕರೆಯಷ್ಟು ಉತ್ತು ಬಿಟ್ಟ ನೆಲವಿದೆ. ಅಲ್ಲಿ ಬೆಳೆ ತೆಗೆಯುವುದಿಲ್ಲ. ಟಿಕೆಟ್ ಕೊಂಡು ಒಳಹೋದವರು ಸಂಜೆಯವರೆಗೆ ಮಣ್ಣು ಕೆದಕಿ ವಜ್ರ ಹುಡುಕಬಹುದು. ಸಿಕ್ಕಿದ ಕಲ್ಲು ಎಷ್ಟೇ ಬೆಲೆಬಾಳಲಿ, ಅದು ಸಿಕ್ಕವರದೇ. ‘ಕ್ರೇಟರ್ ಆಫ್ ಡೈಮಂಡ್ಸ್’ ಎಂಬ ಈ ರಾಜ್ಯ ಉದ್ಯಾನ, ವಜ್ರವನ್ನು ಅದರ ಮೂಲ ಅಗ್ನಿಶಿಲೆಯ ನೆಲದಲ್ಲೇ ಹುಡುಕಲು ಜನಸಾಮಾನ್ಯರಿಗೆ ಅವಕಾಶ ಕೊಡುವ ಜಗತ್ತಿನ ಬೆರಳೆಣಿಕೆಯ ತಾಣಗಳಲ್ಲಿ ಒಂದು.

ವಜ್ರ ಹುಟ್ಟುವುದು ನೆಲದಿಂದ ಸುಮಾರು 150 ಕಿಲೋಮೀಟರ್‌ಗೂ ಹೆಚ್ಚು ಆಳದಲ್ಲಿ. ಅಲ್ಲಿನ ಒತ್ತಡಕ್ಕೆ ಇಂಗಾಲ ಹರಳುಗಟ್ಟುತ್ತದೆ. ಆ ಹರಳನ್ನು ಮೇಲಕ್ಕೆ ಹೊತ್ತು ತಂದದ್ದು ಸುಮಾರು 10 ಕೋಟಿ ವರ್ಷಗಳ ಹಿಂದೆ ಚಿಮ್ಮಿದ ಲ್ಯಾಂಪ್ರೊಯೈಟ್ ಎಂಬ ಶಿಲಾರಸ. ಆಮೇಲೆ ಮಳೆಗಾಳಿ ಆ ಶಿಲೆಯನ್ನು ಕೊರೆದು ಮಣ್ಣು ಮಾಡಿದೆ. ಶಿಲೆ ಕರಗಿದರೂ ವಜ್ರ ಕರಗದು. ಹಾಗಾಗಿ ಮೇಲ್ಮಣ್ಣಿನಲ್ಲಿ, ಜಲ್ಲಿಯ ನಡುವೆ ಅದು ಉಳಿದುಕೊಂಡಿದೆ.

1906ರ ಆಗಸ್ಟ್‌ನಲ್ಲಿ ಜಾನ್ ವೆಸ್ಲಿ ಹಡಲ್‌ಸ್ಟನ್ ಎಂಬ ರೈತನಿಗೆ ತನ್ನ ಜಮೀನಿನಲ್ಲಿ ಹೊಳೆಯುವ ಎರಡು ಕಲ್ಲು ಸಿಕ್ಕವು. ಅವು ವಜ್ರವೆಂದು ಖಚಿತವಾದ ಮೇಲೆ ಲಿಟಲ್ ರಾಕ್ ನಗರದ ಹೂಡಿಕೆದಾರರು ಆ ಜಮೀನನ್ನು 36,000 ಡಾಲರಿಗೆ ಕೊಂಡರು. ಮುಂದಿನ ಕಾಲು ಶತಮಾನ ಕಂಪನಿಗಳು ಒಂದಾದಮೇಲೊಂದು ಬಂದು ಕೈಸುಟ್ಟುಕೊಂಡವು. ವ್ಯಾಜ್ಯ, ಬೆಂಕಿ ಅವಘಡ, ಹಣದ ಮುಗ್ಗಟ್ಟು ಎಲ್ಲವೂ ಕಾಡಿದ್ದು ನಿಜ; ಮೂಲ ತೊಡಕು ಮಾತ್ರ ಮಣ್ಣಿನಲ್ಲೇ ಇತ್ತು. ಯಂತ್ರ ಹೂಡಿ ಲಾಭ ತೆಗೆಯುವಷ್ಟು ವಜ್ರ ಅಲ್ಲಿಲ್ಲ. ಎರಡನೇ ಮಹಾಯುದ್ಧದ ಕಾಲದಲ್ಲಿ ಅಮೆರಿಕ ಸರ್ಕಾರವೇ ಗಣಿಯನ್ನು ವಶಕ್ಕೆ ತೆಗೆದುಕೊಂಡು ಪರೀಕ್ಷಿಸಿತು; 1990ರ ದಶಕದಲ್ಲಿ ಮತ್ತೊಮ್ಮೆ ಪರೀಕ್ಷೆ ನಡೆಯಿತು. ಎರಡು ಸಲವೂ ಬಂದ ಉತ್ತರ ಒಂದೇ. 1950ರ ದಶಕದಲ್ಲಿ ಈ ನೆಲ ಪ್ರವಾಸಿ ತಾಣವಾಯಿತು. 1972ರಲ್ಲಿ ಅರ್ಕನ್ಸಾ ರಾಜ್ಯ 7,50,000 ಡಾಲರ್ ಕೊಟ್ಟು ಅದನ್ನು ಕೊಂಡುಕೊಂಡಿತು. ಅಂದಿನಿಂದ ಪ್ರವಾಸಿಗರ ಕೈಗೆ ಸಿಕ್ಕ ವಜ್ರಗಳ ಸಂಖ್ಯೆ 35,000ಕ್ಕೂ ಹೆಚ್ಚು.

ಕಂಪನಿಗಳ ಕಾಲದಲ್ಲೇ, 1924ರಲ್ಲಿ, 40.23 ಕ್ಯಾರಟ್ ತೂಕದ ‘ಅಂಕಲ್ ಸ್ಯಾಮ್’ ವಜ್ರ ಹೊರಬಂತು. ಅಮೆರಿಕದಲ್ಲಿ ಇಂದಿಗೂ ಅದಕ್ಕಿಂತ ದೊಡ್ಡದು ಸಿಕ್ಕಿಲ್ಲ. ಸಾಣೆ ಹಿಡಿದ ಮೇಲೆ 12.42 ಕ್ಯಾರಟ್‌ಗೆ ಇಳಿದ ಆ ಹರಳು ಈಗ ವಾಷಿಂಗ್ಟನ್ನಿನ ಸ್ಮಿತ್‌ಸೋನಿಯನ್ ಸಂಗ್ರಹಾಲಯದಲ್ಲಿದೆ. 1990ರಲ್ಲಿ ಸಿಕ್ಕ 3.03 ಕ್ಯಾರಟ್‌ನ ಇನ್ನೊಂದು ಕಲ್ಲು ಸಾಣೆಯ ಬಳಿಕ 1.09 ಕ್ಯಾರಟ್ ಆಯಿತು; ಬಣ್ಣ, ಸ್ವಚ್ಛತೆ, ಕಡಿತ ಮೂರರಲ್ಲೂ ಅದಕ್ಕೆ ಅತ್ಯುನ್ನತ ದರ್ಜೆ ಸಿಕ್ಕಿತು. ಇಂಥವು ಅಪರೂಪ. ಸಾಮಾನ್ಯವಾಗಿ ಸಿಗುವ ಹರಳು ಬೆಂಕಿಕಡ್ಡಿಯ ತಲೆಯಷ್ಟಿರುತ್ತದೆ; ಬಣ್ಣ ಬಿಳಿ, ಕಂದು ಅಥವಾ ಹಳದಿ. ಇಡೀ ಹೊಲದಲ್ಲಿ, ಎಲ್ಲ ಪ್ರವಾಸಿಗರಿಗೂ ಸೇರಿ, ದಿನಕ್ಕೆ ಒಂದೋ ಎರಡೋ ಸಿಕ್ಕರೆ ಹೆಚ್ಚು. ಬರಿಗೈಯಲ್ಲಿ ಮರಳುವವರೇ ಬಹುಪಾಲು ಎಂಬುದನ್ನು ಹೋಗುವ ಮೊದಲೇ ತಿಳಿದಿರುವುದು ಒಳ್ಳೆಯದು. ಆದರೂ ಅಮೆಥಿಸ್ಟ್, ಅಗೇಟ್, ಜ್ಯಾಸ್ಪರ್, ಬೆಣಚು, ಗಾರ್ನೆಟ್, ಕಂದುಬಣ್ಣದ ಕಾಗೆಬಂಗಾರ ಹೀಗೆ ಬೇರೆ ಬೇರೆ ಖನಿಜಗಳು ಅಲ್ಲಿ ಕಣ್ಣಿಗೆ ಬೀಳುತ್ತವೆ.

ಹುಡುಕುವ ಕ್ರಮ ಮೂರು ಬಗೆ. ಜೋರು ಮಳೆ ಬಂದು ಬಿಸಿಲು ಬಿದ್ದ ದಿನ ಸುಮ್ಮನೆ ನೆಲ ನೋಡುತ್ತ ನಡೆಯುವುದು ಮೊದಲನೆಯದು. ವಜ್ರದ ಮೈಗೆ ನೀರೂ ಕೆಸರೂ ಅಂಟುವುದಿಲ್ಲ; ಸುತ್ತಲ ಕಲ್ಲುಗಳೆಲ್ಲ ಮಣ್ಣು ಮೆತ್ತಿಕೊಂಡು ಮಂಕಾಗಿದ್ದಾಗ ಅದೊಂದು ಮಿನುಗುತ್ತದೆ. ಒಣಮಣ್ಣನ್ನು ಜರಡಿಯಲ್ಲಿ ಆಡಿಸಿ ಕೈಯಿಂದ ಆರಿಸುವುದು ಎರಡನೆಯದು. ಪಳಗಿದವರು ನೆಚ್ಚುವುದು ಮೂರನೆಯದನ್ನು, ಅಂದರೆ ನೀರಿನಲ್ಲಿ ಜಾಲಿಸುವುದನ್ನು. ಮೊದಲು ಮಣ್ಣನ್ನು ತೊಟ್ಟಿಯಲ್ಲಿ ತೊಳೆದು ದಪ್ಪ ಕಲ್ಲನ್ನೂ ಕೆಸರನ್ನೂ ಕಳೆಯುತ್ತಾರೆ. ಉಳಿದ ಸಣ್ಣ ಜಲ್ಲಿಯನ್ನು ನವುರಾದ ಜರಡಿಗೆ ಹಾಕಿ, ನೀರಿನಲ್ಲಿ ಮೇಲೆ ಕೆಳಗೆ ಕುಲುಕಿ, ನಡುನಡುವೆ ತಿರುಗಿಸುತ್ತಾರೆ. ವಜ್ರದ ಸಾಂದ್ರತೆ ಬೆಣಚುಕಲ್ಲಿಗಿಂತ ಹೆಚ್ಚಾದ್ದರಿಂದ ಭಾರದ ಕಣಗಳು ಜರಡಿಯ ತಳದ ನಡುವೆ ಸೇರುತ್ತವೆ. ಜರಡಿಯನ್ನು ಸಮತಟ್ಟಾದ ಜಾಗದಲ್ಲಿ ಒಮ್ಮೆಗೇ ಬೋರಲು ಹಾಕಿದರೆ ತಳದಲ್ಲಿದ್ದದ್ದು ಮೇಲಾಗುತ್ತದೆ. ಕಣ್ಣು ಮೊದಲು ಹೋಗಬೇಕಾದದ್ದು ಆ ಗುಡ್ಡೆಯ ನಡುಭಾಗಕ್ಕೆ. ಗುರುತು ಸಿಗದ ಕಲ್ಲನ್ನು ಉದ್ಯಾನದ ಸಿಬ್ಬಂದಿ ಉಚಿತವಾಗಿ ಪರೀಕ್ಷಿಸಿ ಹೇಳುತ್ತಾರೆ, ವಜ್ರವಾದರೆ ತೂಗಿ ದಾಖಲಿಸಿಕೊಡುತ್ತಾರೆ.

ಇಷ್ಟು ಉದಾರವಾದ ಜಾಗದಲ್ಲೂ ಕಟ್ಟುಪಾಡುಗಳಿವೆ. ಸಲಿಕೆ, ಗುದ್ದಲಿ, ಜರಡಿ, ಬಕೆಟ್ ತರಬಹುದು ಅಥವಾ ಅಲ್ಲೇ ಬಾಡಿಗೆಗೆ ಪಡೆಯಬಹುದು. ಮೋಟಾರಿನ, ಬ್ಯಾಟರಿಯ ಉಪಕರಣ ಮಾತ್ರ ಕೂಡದು. ಜರಡಿ ಹಿಡಿದ ಜಲ್ಲಿಯನ್ನು ಒಬ್ಬರು ದಿನಕ್ಕೆ ಐದು ಗ್ಯಾಲನ್‌ನ ಒಂದು ಬಕೆಟ್‌ನಷ್ಟು ಮನೆಗೆ ಒಯ್ಯಬಹುದು. ಜರಡಿ ಹಿಡಿಯದ ಮಣ್ಣು ಹೊರಗೆ ಹೋಗುವಂತಿಲ್ಲ. ಸಿಬ್ಬಂದಿ ಆಗಾಗ ಹೊಲ ಉತ್ತು ಹೊಸ ಮಣ್ಣನ್ನು ಮೇಲಕ್ಕೆ ತರುತ್ತಾರೆ. ಐವತ್ತು ವರ್ಷ ದಾಟಿದರೂ ಈ ನೆಲ ಇನ್ನೂ ವಜ್ರ ಕೊಡುತ್ತಿದ್ದರೆ ಅದರಲ್ಲಿ ಈ ಕಟ್ಟುಪಾಡುಗಳ ಪಾಲು ದೊಡ್ಡದು. ಯಂತ್ರಗಳನ್ನು ಬಿಟ್ಟಿದ್ದರೆ ಶಾಲಾ ಮಕ್ಕಳ ಪಾಲಿನ ಮಣ್ಣು ಕೆಲವೇ ಜನರ ಲಾರಿ ಸೇರುತ್ತಿತ್ತು.

ಈ ಸ್ವಾತಂತ್ರ್ಯ ಅಮೆರಿಕದ ಎಲ್ಲೆಡೆಯೂ ಇದೆ ಎಂದುಕೊಂಡರೆ ತಪ್ಪಾಗುತ್ತದೆ. ಅಲ್ಲಿನ ರಾಷ್ಟ್ರೀಯ ಉದ್ಯಾನಗಳಲ್ಲಿ ಒಂದು ಬೆಣಚು ಚೂರನ್ನು ಜೇಬಿಗೆ ಹಾಕಿಕೊಂಡರೂ ಅದು ನಿಯಮಭಂಗ. ಕೇಂದ್ರ ಸರ್ಕಾರದ ಭೂ ನಿರ್ವಹಣಾ ಸಂಸ್ಥೆಯ ನೆಲದಲ್ಲಿ ಸಾಮಾನ್ಯವಾಗಿ ಸ್ವಂತ ಸಂಗ್ರಹಕ್ಕೆ ಮಿತ ಪ್ರಮಾಣದಲ್ಲಿ ಕಲ್ಲು ಆರಿಸಬಹುದು, ಮಾರುವಂತಿಲ್ಲ. ಕಲ್ಲಾದ ಮರದ ತುಂಡುಗಳಿಗೆ ಅಲ್ಲಿ ಸ್ಪಷ್ಟ ಅಳತೆಯೇ ಇದೆ: ಒಬ್ಬರಿಗೆ ದಿನಕ್ಕೆ 25 ಪೌಂಡ್ ಮತ್ತು ಒಂದು ತುಂಡು, ವರ್ಷಕ್ಕೆ ಒಟ್ಟು 250 ಪೌಂಡ್. ಬೆನ್ನೆಲುಬಿನ ಪ್ರಾಣಿಗಳ ಪಳೆಯುಳಿಕೆಯನ್ನೂ ಮೂಲನಿವಾಸಿಗಳ ಪ್ರಾಚೀನ ವಸ್ತುಗಳನ್ನೂ ಮುಟ್ಟುವಂತಿಲ್ಲ. ಬೇರೊಬ್ಬರು ಗಣಿ ಹಕ್ಕು ಪಡೆದ ಜಾಗದಲ್ಲಿ ಅವರ ಒಪ್ಪಿಗೆಯಿಲ್ಲದೆ ಖನಿಜ ತೆಗೆಯುವಂತಿಲ್ಲ. ಖಾಸಗಿ ಜಮೀನಿನಲ್ಲಿ ಇನ್ನೊಂದು ತೊಡಕು: ಅಲ್ಲಿ ನೆಲದ ಒಡೆತನ ಒಬ್ಬರದು, ಅದರಡಿಯ ಖನಿಜದ ಹಕ್ಕು ಮತ್ತೊಬ್ಬರದು ಆಗಿರಬಹುದು. ಅಮೆರಿಕದಲ್ಲಿ ನೆಲೆಸಿದ ಕನ್ನಡ ಕುಟುಂಬಗಳು ಮಕ್ಕಳನ್ನು ಬೆಟ್ಟಗುಡ್ಡಗಳಿಗೆ ಕರೆದೊಯ್ಯುವಾಗ ಆ ನೆಲ ಯಾರ ಸುಪರ್ದಿನಲ್ಲಿದೆ ಎಂದು ಮೊದಲೇ ವಿಚಾರಿಸಿಕೊಳ್ಳಬೇಕು.

ಭಾರತದಲ್ಲಿ ಅರ್ಕನ್ಸಾವನ್ನು ನೆನಪಿಸುವ ಜಾಗ ಮಧ್ಯಪ್ರದೇಶದ ಪನ್ನಾ. ಅಲ್ಲಿನ ಮಝಗವಾಂ ಗಣಿಯ ವಜ್ರಶಿಲೆಯನ್ನೂ ಹಲವು ಭೂವಿಜ್ಞಾನಿಗಳು ಲ್ಯಾಂಪ್ರೊಯೈಟ್ ಗುಂಪಿಗೇ ಸೇರಿಸುತ್ತಾರೆ. ಆ ಗಣಿಯನ್ನು ನಡೆಸುವುದು ಸರ್ಕಾರಿ ಒಡೆತನದ ಎನ್‌ಎಂಡಿಸಿ. ಸಾಮಾನ್ಯರಿಗೆ ತೆರೆದಿರುವುದು ಸುತ್ತಲಿನ ಮೇಲುಮಟ್ಟದ ಗುಂಡಿಗಣಿಗಳು. ಪನ್ನಾದ ಸರ್ಕಾರಿ ವಜ್ರ ಕಚೇರಿಯಲ್ಲಿ ಕೆಲವೇ ನೂರು ರೂಪಾಯಿ ಕಟ್ಟಿದರೆ 8 ಮೀಟರ್ ಉದ್ದ, 8 ಮೀಟರ್ ಅಗಲದ ತುಂಡುನೆಲ ಪಟ್ಟಾದ ಮೇಲೆ ಸಿಗುತ್ತದೆ. ಕೂಲಿಕಾರರು, ಸಣ್ಣ ರೈತರು ಅಲ್ಲಿ ಅಗೆದು, ವಜ್ರವಿರಬಹುದಾದ ಜಲ್ಲಿಪದರ ಮುಟ್ಟಿ, ಅದನ್ನು ತೊಳೆದು, ಒಣಗಿಸಿ, ಕೈಯಲ್ಲಿ ಕೆದಕಿ ನೋಡುತ್ತಾರೆ. ಆ ಜಲ್ಲಿಗೆ ಅಲ್ಲಿನವರು ‘ಚಾಲ್’ ಎನ್ನುತ್ತಾರೆ. ಸಿಕ್ಕಿದ ವಜ್ರವನ್ನು ಮನೆಗೆ ಒಯ್ಯುವಂತಿಲ್ಲ, ವಜ್ರ ಕಚೇರಿಗೇ ಒಪ್ಪಿಸಬೇಕು. ಅದು ಹರಾಜಾದ ಮೇಲೆ ಶೇ 11.5ರಷ್ಟು ರಾಜಧನ ಮತ್ತು ತೆರಿಗೆ ಕಳೆದು ಉಳಿದ ಹಣ ಪಟ್ಟೆದಾರನಿಗೆ ಸೇರುತ್ತದೆ. 2018ರಲ್ಲಿ ಕೂಲಿಕಾರನೊಬ್ಬನಿಗೆ 42.59 ಕ್ಯಾರಟ್‌ನ ಕಲ್ಲು ಸಿಕ್ಕಿದ್ದು ಇದೇ ವ್ಯವಸ್ಥೆಯಲ್ಲಿ. ಅರ್ಕನ್ಸಾದಲ್ಲಿ ಇದು ರಜಾದಿನದ ವಿನೋದ. ಪನ್ನಾದಲ್ಲಿ ಸಾಲ ಮಾಡಿ ಹೂಡುವ ದುಡಿಮೆ. ಎರಡನ್ನೂ ಒಂದೇ ಕಣ್ಣಿನಿಂದ ನೋಡುವುದು ನ್ಯಾಯವಲ್ಲ.

ಪನ್ನಾ ಸೇರಿದಂತೆ ಇಡೀ ದೇಶಕ್ಕೆ ಅನ್ವಯಿಸುವುದು 1957ರ ಗಣಿ ಮತ್ತು ಖನಿಜ (ಅಭಿವೃದ್ಧಿ ಮತ್ತು ನಿಯಂತ್ರಣ) ಕಾಯ್ದೆ. ಅದರ ಪ್ರಕಾರ ಪರವಾನಗಿ ಅಥವಾ ಗುತ್ತಿಗೆಯಿಲ್ಲದೆ ಗಣಿಗಾರಿಕೆ ಮಾಡುವುದು, ಖನಿಜವನ್ನು ಅಕ್ರಮವಾಗಿ ಸಾಗಿಸುವುದು, ದಾಸ್ತಾನು ಮಾಡುವುದು ಅಪರಾಧ. 2015ರ ತಿದ್ದುಪಡಿಯ ನಂತರ ಶಿಕ್ಷೆ ಐದು ವರ್ಷದ ಸೆರೆವಾಸದವರೆಗೂ ಹೋಗಬಹುದು. ನೆಲದಡಿಯ ಖನಿಜ ಭೂಮಾಲೀಕನದೇ, ಕಾನೂನಿನ ಮೂಲಕ ಅದನ್ನು ಅವನಿಂದ ಪಡೆಯದ ಹೊರತು, ಎಂದು ಸುಪ್ರೀಂ ಕೋರ್ಟ್ 2013ರಲ್ಲಿ ಹೇಳಿದೆ. ಆದರೆ ಒಡೆತನ ಇದ್ದ ಮಾತ್ರಕ್ಕೆ ಅಗೆಯುವ ಅನುಮತಿ ಇದ್ದಂತಾಗುವುದಿಲ್ಲ. ಹಳೆ ಮೈಸೂರು ಸೀಮೆಯ ಹೊಲಗಳಲ್ಲಿ ಕಾಣಸಿಗುವ ಕುರುಂದದ ಕಲ್ಲು 2015ರಿಂದ ಉಪಖನಿಜಗಳ ಪಟ್ಟಿಯಲ್ಲಿದೆ. ಅದರ ಗುತ್ತಿಗೆ, ಅನುಮತಿಯ ವಿಚಾರ ರಾಜ್ಯದ ಗಣಿ ಮತ್ತು ಭೂವಿಜ್ಞಾನ ಇಲಾಖೆಗೆ ಸೇರಿದ್ದು.

ಕಾಡಿನ ನಿಯಮ ಇನ್ನೂ ಬಿಗಿ. 1927ರ ಭಾರತೀಯ ಅರಣ್ಯ ಕಾಯ್ದೆ ಕಾಡಿನೊಳಗಿನ ಬಂಡೆ, ಖನಿಜ, ಮೇಲ್ಮಣ್ಣುಗಳನ್ನೂ ಅರಣ್ಯೋತ್ಪನ್ನವೆಂದೇ ಎಣಿಸುತ್ತದೆ. ಆದ್ದರಿಂದ ಚಾರಣಕ್ಕೆ ಹೋದವರು ರಕ್ಷಿತಾರಣ್ಯದಿಂದ ಹರಳುಗಲ್ಲು ಆರಿಸಿ ತರುವುದು ಜೇನು, ಗಂಧ ಕದ್ದಂತೆಯೇ ಕಾನೂನಿನ ಕಣ್ಣಿಗೆ ಬೀಳಬಹುದು. ಉಡುಪಿಯ ಮಲ್ಪೆ ಕಡಲಾಚೆಯ ಸೇಂಟ್ ಮೇರೀಸ್ ದ್ವೀಪದ ಕಂಬಶಿಲೆಗಳು, ಚಿತ್ರದುರ್ಗ ಬಳಿಯ ಮರಡಿಹಳ್ಳಿಯ ದಿಂಬುಶಿಲೆ, ಬೆಂಗಳೂರಿನ ಲಾಲ್‌ಬಾಗ್ ಬಂಡೆ ಇವು ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣ ಇಲಾಖೆ ಘೋಷಿಸಿದ ರಾಷ್ಟ್ರೀಯ ಭೂವೈಜ್ಞಾನಿಕ ಸ್ಮಾರಕಗಳು. ಇಲ್ಲಿ ಸುತ್ತಿಗೆ ಎತ್ತುವುದು ಶಿಲಾಶಾಸನ ಕೆತ್ತಿ ಹಾಳುಮಾಡಿದಷ್ಟೇ ಕೆಟ್ಟ ಕೆಲಸ. ಇಂಥ ತಾಣಗಳನ್ನು ಉಳಿಸಲೆಂದೇ ಕೇಂದ್ರ ಸರ್ಕಾರ 2022ರಲ್ಲಿ ಒಂದು ಮಸೂದೆಯ ಕರಡನ್ನು ಪ್ರಕಟಿಸಿತು.

ಪ್ರವೇಶಕ್ಕೆ ತೆರೆದಿರದ ಹಳೆಯ ಗಣಿಗಳ ಸುರಂಗದೊಳಕ್ಕೆ ಯಾವ ನೆಪಕ್ಕೂ ಕಾಲಿಡಬಾರದು. ಗಾಳಿಯಾಡದ ಕಡೆ ಆಮ್ಲಜನಕ ಕಡಿಮೆಯಿದ್ದರೆ ಅದು ಕಣ್ಣಿಗೂ ಮೂಗಿಗೂ ತಿಳಿಯುವುದಿಲ್ಲ. ತೊಲೆಗಳು ಕೊಳೆತಿರುತ್ತವೆ, ನಿಂತ ನೀರಿನಡಿ ಆಳದ ಬಾವಿ ಅಡಗಿರುತ್ತದೆ. 2001ರಲ್ಲಿ ಮುಚ್ಚಿದ ಕೋಲಾರದ ಚಿನ್ನದ ಗಣಿಗಳಿಗೂ ಈ ಮಾತು ಸಲ್ಲುತ್ತದೆ.

ಅನುಮತಿಯಿರುವ ಕಡೆ ಆರಿಸಿದ ಕಲ್ಲಿಗೆ ಒಂದು ಚೀಟಿ ಅಂಟಿಸುವುದು ಸಂಗ್ರಹಕಾರನ ಮೊದಲ ಕೆಲಸ. ಸಿಕ್ಕ ಊರು, ಜಾಗ, ದಿನಾಂಕ, ಸುತ್ತಲಿದ್ದ ಶಿಲೆ, ಅನುಮತಿ ಕೊಟ್ಟವರು ಇಷ್ಟನ್ನು ಅದರಲ್ಲಿ ಬರೆದಿಡಬೇಕು. ಎಲ್ಲಿಂದ ಬಂತೆಂದು ತಿಳಿಯದ ಹರಳು ಎಷ್ಟು ಅಂದವಾಗಿದ್ದರೂ ಭೂವಿಜ್ಞಾನಿಗೆ ಹೆಚ್ಚೇನೂ ಹೇಳದು. ಬಿಲ್ಲು, ಪರವಾನಗಿಯ ಪ್ರತಿಗಳನ್ನೂ ಜೊತೆಗಿಟ್ಟರೆ ಕಲ್ಲನ್ನು ಸಾಗಿಸುವಾಗಲೋ, ಕಾಲೇಜಿನ ಸಂಗ್ರಹಾಲಯಕ್ಕೆ ಕೊಡುವಾಗಲೋ ಯಾರಾದರೂ ಕೇಳಿದರೆ ತೋರಿಸಬಹುದು.