ಹಿಮವೇ ಬೀಳದ ನಾಡಿನ ಸ್ಕೀ ಚಾಂಪಿಯನ್

ನಮ್ಮ ಕಡೂರು, ತರೀಕೆರೆ ಕಡೆ ಚಳಿ ಅಂದ್ರೆ ಡಿಸೆಂಬರ್ ಬೆಳಗಿನಲ್ಲಿ ಸ್ವೆಟರ್ ಹಾಕ್ಕೊಂಡು ಕಾಫಿ ಕುಡಿಯೋದು, ಅಷ್ಟೇ. ಅಜ್ಜಂಪುರದ ಬಯಲಲ್ಲಿ ಮಂಜು ಕವಿದರೂ ಬಿಸಿಲೇರುವಷ್ಟರಲ್ಲಿ ಮಾಯ. ರಾಜ್ಯದ ಅತಿ ಎತ್ತರದ ಬೆಟ್ಟ ಮುಳ್ಳಯ್ಯನಗಿರಿ ನಮ್ಮ ಜಿಲ್ಲೆಯಲ್ಲೇ ಇದೆ. ಸುಮಾರು 1,930 ಮೀಟರ್ ಎತ್ತರದ ಆ ತುದಿಯಲ್ಲೂ ಹಿಮ ಬೀಳಲ್ಲ.

ಇಂಥ ರಾಜ್ಯದ ಹೆಣ್ಣುಮಗಳೊಬ್ಬರು 2025ರಲ್ಲಿ ದಕ್ಷಿಣ ಅಮೆರಿಕದ ಚಿಲಿಗೆ ಹೋಗಿ, ಹಿಮದ ಮೇಲೆ ಓಡಿ ಕಂಚಿನ ಪದಕ ಗೆದ್ದರು. ಅವರು ಕೊಡಗಿನ ಭವಾನಿ ತೆಕ್ಕಡ ನಂಜುಂಡ. ಕ್ರಾಸ್ ಕಂಟ್ರಿ ಸ್ಕೀಯಿಂಗ್‌ನಲ್ಲಿ ಭಾರತಕ್ಕೆ ಸಿಕ್ಕ ಮೊದಲ ಅಂತರರಾಷ್ಟ್ರೀಯ ಪದಕ ಅಂತಲೇ ಅದು ಸುದ್ದಿಯಾಯಿತು. ಒಂದೆರಡು ದಿನ ಫೋನಿನಲ್ಲಿ ಓಡಾಡಿ, ಆಮೇಲೆ ಕ್ರಿಕೆಟ್ ಸ್ಕೋರಿನ ಕೆಳಗೆ ಮುಚ್ಚಿಹೋಯಿತು. ಆದರೆ ಆ ಪದಕದ ಹಿಂದಿರುವ ಲೆಕ್ಕಾಚಾರ ಒಮ್ಮೆ ನೋಡುವಂಥದ್ದು.

ಇದು ಜಾರೋ ಆಟ ಅಲ್ಲ

ಸ್ಕೀಯಿಂಗ್ ಅಂದ ತಕ್ಷಣ ರೀಲ್ಸ್‌ನಲ್ಲಿ ಬರೋ ದೃಶ್ಯ ನೆನಪಾಗುತ್ತೆ: ರೋಪ್‌ವೇಯಲ್ಲಿ ಮೇಲೆ ಹೋಗೋದು, ಅಲ್ಲಿಂದ ರೊಯ್ಯನೆ ಇಳಿಯೋದು. ಅದು ಆಲ್ಪೈನ್ ಸ್ಕೀಯಿಂಗ್. ಕ್ರಾಸ್ ಕಂಟ್ರಿಯಲ್ಲಿ ಹತ್ತಿಸೋಕೆ ಯಾರೂ ಇರಲ್ಲ. ದಾರಿಯಲ್ಲಿ ಸುಮಾರು ಮೂರನೇ ಒಂದು ಭಾಗ ಏರು, ಒಂದು ಭಾಗ ಇಳಿಜಾರು, ಇನ್ನೊಂದು ಭಾಗ ಉಬ್ಬುತಗ್ಗು. ಬೂಟಿನ ತುದಿ ಮಾತ್ರ ಸ್ಕೀಗೆ ಅಂಟಿಕೊಂಡಿರುತ್ತೆ, ಹಿಮ್ಮಡಿ ಬಿಡುವಾಗಿರುತ್ತೆ. ಕಾಲು, ತೋಳು, ಬೆನ್ನು, ಹೊಟ್ಟೆ ಎಲ್ಲವೂ ಒಟ್ಟಿಗೆ ದುಡಿಯಬೇಕು. ಗುರಿ ಮುಟ್ಟಿದವರು ಹಿಮದ ಮೇಲೇ ಕುಸಿದು ಬೀಳೋದು ಇಲ್ಲಿ ಮಾಮೂಲಿ ದೃಶ್ಯ.

ಶೈಲಿ ಎರಡು. ಹಿಮದಲ್ಲಿ ಕೊರೆದ ಜೋಡಿ ಗೆರೆಯೊಳಗೆ ನೇರವಾಗಿ ಸಾಗುವುದು ಕ್ಲಾಸಿಕ್. ಸ್ಕೇಟಿಂಗ್ ಥರ ಕಾಲನ್ನು ಹೊರಕ್ಕೆ ತಳ್ಳುತ್ತಾ ಹೋಗುವುದು ಫ್ರೀ. ಭವಾನಿ ಪದಕ ಗೆದ್ದದ್ದು 5 ಕಿಲೋಮೀಟರ್ ಫ್ರೀ ಸ್ಪರ್ಧೆಯಲ್ಲಿ. ಕಡೂರಿನಿಂದ ಬೀರೂರಿಗಿಂತ ಸ್ವಲ್ಪ ಕಡಿಮೆ ದೂರ ಅಂದ್ಕೊಳ್ಳಿ. ಅವರು ತೆಗೆದುಕೊಂಡ ಸಮಯ 21 ನಿಮಿಷ 4.9 ಸೆಕೆಂಡ್. ನಿಮ್ಮ ರನ್ನಿಂಗ್ ಆಪ್‌ನ ಭಾಷೆಯಲ್ಲಿ ಹೇಳೋದಾದ್ರೆ ಕಿಲೋಮೀಟರಿಗೆ ಸುಮಾರು 4 ನಿಮಿಷ 13 ಸೆಕೆಂಡ್.

ಅದು ಇಂಟರ್ವಲ್ ಸ್ಟಾರ್ಟ್ ಓಟ. ಸಾಮಾನ್ಯವಾಗಿ 30 ಸೆಕೆಂಡಿಗೆ ಒಬ್ಬರಂತೆ ಬಿಡುತ್ತಾರೆ. ಪಕ್ಕದಲ್ಲಿ ಪೈಪೋಟಿಗೆ ಯಾರೂ ಇರಲ್ಲ. ಎದುರಾಳಿ ಮುಂದಿದ್ದಾರೋ ಹಿಂದಿದ್ದಾರೋ ಕಣ್ಣಿಗೆ ಕಾಣಲ್ಲ. ಗಡಿಯಾರದ ಜೊತೆಗೇ ಗುದ್ದಾಟ.

ಅಂಕ ಕಡಿಮೆಯಾದಷ್ಟೂ ಒಳ್ಳೇದು

ಹಾಗಂತ ಚಿಲಿಯ ಓಟವನ್ನು ಇರೋದಕ್ಕಿಂತ ದೊಡ್ಡದು ಮಾಡಬೇಕಾಗಿಲ್ಲ. ಅದು ವಿಶ್ವಕಪ್ ಅಲ್ಲ, ಅದಕ್ಕಿಂತ ಕೆಳಗಿನ ಹಂತದ ಸ್ಪರ್ಧೆ. ಆದರೂ ಅಂಥ ಓಟಗಳೇ ಯಾಕೆ ಮುಖ್ಯ ಅನ್ನೋದು ಅಂತರರಾಷ್ಟ್ರೀಯ ಸ್ಕೀ ಒಕ್ಕೂಟದ ಪಾಯಿಂಟ್ಸ್ ನೋಡಿದರೆ ಗೊತ್ತಾಗುತ್ತೆ. ಗೆದ್ದವರಿಗಿಂತ ನೀವು ಎಷ್ಟು ಹಿಂದೆ ಬಿದ್ದಿರಿ ಅನ್ನೋದರ ಮೇಲೆ ಅಂಕ ಏರುತ್ತೆ. ನಮ್ಮ ಆಫೀಸಿನ ಬಗ್ ಲಿಸ್ಟ್ ಥರ, ಕಡಿಮೆ ಇದ್ದಷ್ಟೂ ಒಳ್ಳೇದು. ಹನ್ನೆರಡು ತಿಂಗಳಲ್ಲಿ ಓಡಿದ ಅತ್ಯುತ್ತಮ ಐದು ಓಟಗಳ ಸರಾಸರಿಯೇ ನಿಮ್ಮ ಸ್ಥಾನ. ಐದಕ್ಕಿಂತ ಕಡಿಮೆ ಓಡಿದ್ದರೆ ದಂಡವಾಗಿ ಅಂಕ ಹೆಚ್ಚಾಗುತ್ತೆ. ಒಲಿಂಪಿಕ್ಸ್‌ನ ಬಾಗಿಲು ತೆರೆಯೋದೂ ಇದೇ ಲೆಕ್ಕದಿಂದ.

ಅಂದರೆ ಫಿಟ್‌ನೆಸ್ ಇದ್ದರೆ ಸಾಲದು, ವರ್ಷಕ್ಕೆ ಐದು ಒಳ್ಳೆ ಓಟ ಬೇಕು. ಅದಕ್ಕೆ ಹಿಮ ಇರುವ ಕಡೆ ಹೋಗಬೇಕು. ಟಿಕೆಟ್, ವೀಸಾ, ವಸತಿ, ಕೋಚ್, ಸ್ಕೀಗೆ ಹಚ್ಚುವ ವ್ಯಾಕ್ಸ್ ಎಲ್ಲಕ್ಕೂ ದುಡ್ಡು ಬೇಕು. ಉತ್ತರ ಗೋಳಾರ್ಧದಲ್ಲಿ ಬೇಸಿಗೆ ಇದ್ದಾಗ ಹಿಮ ಹುಡುಕಿಕೊಂಡು ಚಿಲಿಯಂಥ ದೇಶಕ್ಕೇ ಹೋಗಬೇಕು. ನಮ್ಮ ಗುಲ್ಮಾರ್ಗ್ ಇದೆಯಲ್ಲ ಅಂತೀರಾ? 2025ರ ಫೆಬ್ರವರಿಯಲ್ಲಿ ಅಲ್ಲಿ ನಡೆಯಬೇಕಿದ್ದ ಖೇಲೋ ಇಂಡಿಯಾ ವಿಂಟರ್ ಗೇಮ್ಸ್ ಸಾಕಷ್ಟು ಹಿಮ ಇಲ್ಲ ಅಂತ ಮಾರ್ಚ್‌ಗೆ ಮುಂದೆ ಹೋಯಿತು. ಹಿಮ ಇಲ್ಲದ ತಿಂಗಳಲ್ಲಿ ಈ ಆಟಗಾರರು ರೋಲರ್ ಸ್ಕೀ ಅನ್ನೋ ಚಕ್ರದ ಸ್ಕೀ ಕಟ್ಟಿಕೊಂಡು ಟಾರು ರಸ್ತೆಯಲ್ಲಿ ಅಭ್ಯಾಸ ಮಾಡ್ತಾರೆ.

ಈ ಕ್ರೀಡೆಯಲ್ಲಿ ನಮ್ಮ ದೇಶದಿಂದ ಮೇಲೆ ಬಂದವರಲ್ಲಿ ಸೇನೆಯವರು ಬಹಳ. 2018ರ ಚಳಿಗಾಲದ ಒಲಿಂಪಿಕ್ಸ್‌ನಲ್ಲಿ ಓಡಿದ ಜಗದೀಶ್ ಸಿಂಗ್ ಕೂಡ ಸೈನಿಕರೇ. ಸೇನೆಯಲ್ಲಿ ಹಿಮ ಕೆಲಸದ ಭಾಗ, ಸಂಬಳವೂ ಬರುತ್ತೆ. ಭವಾನಿ ಖೇಲೋ ಇಂಡಿಯಾದಲ್ಲಿ ಚಿನ್ನ ಗೆದ್ದದ್ದು ಕರ್ನಾಟಕದ ಹೆಸರಿನಲ್ಲಿ. 2025ರಲ್ಲೇ ಚೀನಾದ ಹಾರ್ಬಿನ್‌ನಲ್ಲಿ ನಡೆದ ಏಷ್ಯನ್ ವಿಂಟರ್ ಗೇಮ್ಸ್‌ನಲ್ಲೂ ಭಾರತದ ಪರ ಓಡಿದರು. ಅತ್ತ ನಾರ್ವೆಯನ್ನು ನೋಡಿ. ಅಲ್ಲಿ ಮಕ್ಕಳು ಶಾಲೆಗೆ ಸೇರುವ ಮುಂಚೆಯೇ ಸ್ಕೀ ಕಟ್ಟುತ್ತಾರೆ, ಕತ್ತಲಾದ ಮೇಲೂ ಓಡೋಕೆ ದೀಪ ಹಾಕಿದ ಹಾದಿಗಳಿವೆ. 15 ಒಲಿಂಪಿಕ್ ಪದಕ ಗೆದ್ದ ಮಾರಿಟ್ ಬ್ಯೋರ್ಗನ್ ಆ ನೆಲದವರು. ಒಬ್ಬರಿಗೆ ಮನೆ ಹಿಂದೆಯೇ ಹಿಮ, ಇನ್ನೊಬ್ಬರಿಗೆ ಪ್ರತಿ ಅಭ್ಯಾಸಕ್ಕೂ ಒಂದು ಪ್ರಯಾಣ. ಇಬ್ಬರನ್ನೂ ಅಳೆಯುವ ಗಡಿಯಾರ ಮಾತ್ರ ಒಂದೇ.

‘ಇದರಲ್ಲೇನು ಸ್ಕೋಪ್?’

ನಮ್ಮ ಊರುಗಳಲ್ಲಿ ಯಾವ ಮಗು ಯಾವ ಆಟ ಹಿಡಿದರೂ ಬರೋ ಮೊದಲ ಪ್ರಶ್ನೆ ಇದು. ಪ್ರಾಮಾಣಿಕ ಉತ್ತರ ಕೊಡೋದಾದ್ರೆ, ಸ್ಕೀಯಿಂಗ್‌ನಲ್ಲಿ ಸದ್ಯಕ್ಕೆ ಸ್ಕೋಪ್ ಕಮ್ಮಿ, ಖರ್ಚು ಜಾಸ್ತಿ. ಆದರೆ ದಾರಿ ಇಲ್ಲ ಅನ್ನೋಕಾಗಲ್ಲ. ಕಾಲೇಜಿನ ಎನ್‌ಸಿಸಿ ಇದೆ. ಸಾಹಸ ಕ್ರೀಡೆಗಳಿಗೆ ರಾಜ್ಯದ್ದೇ ಆದ ಜನರಲ್ ತಿಮ್ಮಯ್ಯ ರಾಷ್ಟ್ರೀಯ ಸಾಹಸ ಅಕಾಡೆಮಿ ಇದೆ. ಗುಲ್ಮಾರ್ಗ್‌ನ ಭಾರತೀಯ ಸ್ಕೀಯಿಂಗ್ ಮತ್ತು ಪರ್ವತಾರೋಹಣ ಸಂಸ್ಥೆಯ ಆರಂಭಿಕ ಕೋರ್ಸಿಗೆ ನಮ್ಮಂಥವರೂ ಸೇರಬಹುದು.

ಅಲ್ಲಿಂದ ಮುಂದಕ್ಕೆ ಬೇಕಾಗೋದು ವರ್ಷಕ್ಕೆ ಐದು ಓಟದ ಖರ್ಚು. ಪದಕ ಬಂದ ಮೇಲೆ ಫೋಟೊ ಹಂಚಿಕೊಳ್ಳೋದು ಸುಲಭ. ಓಡೋಕೆ ಹೊರಡುವ ಮುಂಚೆಯೇ ಈ ಖರ್ಚಿನಲ್ಲಿ ಒಂದು ಪಾಲು ಹೊರುವ ಸರ್ಕಾರ, ಕಂಪನಿ, ಊರಿನ ಸಂಘ ಸಿಕ್ಕರೆ ಮುಂದಿನ ಭವಾನಿ ಕಡೂರಿನಿಂದಲೂ ಬರಬಹುದು.