ಹಳೆಯ ಕಾರಿಗೊಂದು ದೃಷ್ಟಿಬೊಟ್ಟು

ಪ್ರದರ್ಶನಕ್ಕೆ ಹೊರಡುವ ದಿನ ನಮ್ಮ ಮನೆಯವರು ಕಾರಿನ ಮುಂದೆ ನಿಂಬೆಹಣ್ಣು, ಮೆಣಸಿನಕಾಯಿ ಕಟ್ಟುತ್ತಾರೆ. ದೃಷ್ಟಿ ತಾಗಬಾರದಲ್ಲ! ಆದರೆ ನನ್ನ ಅನುಭವದಲ್ಲಿ ಹಳೆಯ ಕಾರಿಗೆ ಕಣ್ಣಿನಿಂದ ತೊಂದರೆಯಿಲ್ಲ, ತೊಂದರೆಯೆಲ್ಲ ಕೈಯಿಂದ.

ನನ್ನದು 1968ರ ಅಂಬಾಸಿಡರ್ ಮಾರ್ಕ್ 2. ಬ್ಯಾಂಕಿನ ಗುಮಾಸ್ತಗಿರಿಯಿಂದ ನಿವೃತ್ತನಾದಾಗ ಬಂದ ಹಣದಲ್ಲಿ ಕೊಂಡು, ಎರಡು ವರ್ಷ ರಿಪೇರಿ ಮಾಡಿಸಿದೆ. ನಮ್ಮ ದೇಶದ 2021ರ ನಿಯಮದಂತೆ, 50 ವರ್ಷ ದಾಟಿ ಮೂಲರೂಪದಲ್ಲೇ ಉಳಿದಿರುವ ಕಾರು 'ವಿಂಟೇಜ್'. ಪಶ್ಚಿಮ ಬಂಗಾಳದ ಉತ್ತರಪಾರಾದಲ್ಲಿ ಅಂಬಾಸಿಡರ್ ತಯಾರಿಕೆ 2014ರಲ್ಲೇ ನಿಂತುಹೋಯಿತು. ಇದರ ಗೇರು ಇರುವುದು ಸ್ಟಿಯರಿಂಗ್ ಪಕ್ಕದಲ್ಲಿ. ಹೆಡ್‌ಲೈಟ್ ತಗ್ಗಿಸುವ ಗುಂಡಿ ಕಾಲಬುಡದಲ್ಲಿ. ಈಗಿನ ಮಕ್ಕಳಿಗೆ ಇದೆಲ್ಲ ಸೋಜಿಗ. ತಾನಾಗಿ ಕೈ ಮುಂದೆ ಬರುತ್ತದೆ.

ಮೊದಲ ಸಲ ಮೈಸೂರಿನಲ್ಲಿ ಪ್ರದರ್ಶನಕ್ಕಿಟ್ಟಾಗ ಜನ ಮುಗಿಬಿದ್ದರು. ಒಬ್ಬರು ಬಾಗಿಲಿನ ಹಿಡಿ ಜಗ್ಗಿದರು. ಇನ್ನೊಬ್ಬರು ಫೋಟೊಗಾಗಿ ಮಗುವನ್ನು ಬಾನೆಟ್ ಮೇಲೆ ಕೂರಿಸಿದರು. ಎಂಟು ವರ್ಷದ ಹುಡುಗನೊಬ್ಬ ಒಳಗೆ ಇಣುಕಲು ಬಾಗಿಲಿಗೆ ಒರಗಿದ. ಅವನ ಬೆಲ್ಟಿನ ಬಕಲ್ ತಾಗಿ ಗೇಣುದ್ದದ ಗೀರು! "ಏಯ್, ಕಣ್ಣು ಕಾಣಲ್ವಾ?" ಎಂದು ಗದರಿಬಿಟ್ಟೆ. ಹುಡುಗ ಅತ್ತ. ಜೊತೆಗಿದ್ದ ಅವನ ಅಜ್ಜ ಮೆಲ್ಲಗೆ, "ತಪ್ಪಾಯ್ತು ಸಾರ್, ಹತ್ತಿರ ಹೋಗಿ ನೋಡು ಅಂದಿದ್ದು ನಾನೇ" ಎಂದರು. ಉಳಿದ ಕಾರುಗಳನ್ನೂ ನೋಡದೆ ಇಬ್ಬರೂ ಹೊರಟುಹೋದರು.

ಬಣ್ಣ ಹಚ್ಚಿಸಿದ ಮೇಲೆ ಗೀರು ಮರೆಯಾಯಿತು. ಆ ಹುಡುಗನ ಮುಖ ಮಾತ್ರ ಮರೆಯಾಗಿಲ್ಲ.

ಬ್ಯಾಂಕಿನ ಕೌಂಟರಿನಲ್ಲಿ ನಾವು ಪೆನ್ನಿಗೆ ದಾರ ಕಟ್ಟಿಡುತ್ತಿದ್ದೆವು. ಪೆನ್ನೂ ಉಳಿಯುತ್ತಿತ್ತು, ಬಂದವರ ಕೆಲಸವೂ ಆಗುತ್ತಿತ್ತು. ಕಾರಿಗೂ ಅದೇ ಉಪಾಯ ಹೂಡಿದೆ. ಸುತ್ತ ಎರಡು ಮಾರು ದೂರದಲ್ಲಿ ಹಗ್ಗ. ಬಾಗಿಲಿಗೆ ಬೀಗ, ಕೀಲಿ ನನ್ನ ಜೇಬಿನಲ್ಲಿ, ಚಕ್ರದಡಿ ಅಡ್ಡಗಲ್ಲು. ಊಟಕ್ಕೆ ಹೋದರೆ ಕಾವಲಿಗೆ ಗೆಳೆಯರೊಬ್ಬರು. ಜೊತೆಗೆ, ಹಗ್ಗದ ಈಚೆ ಒಂದು ಸ್ಟೂಲಿನ ಮೇಲೆ ಹಳೆಯ ಚಕ್ರದ ಕಪ್ಪು ಮತ್ತು ಕೆಟ್ಟ ಸ್ಪೀಡೋಮೀಟರು. "ಇದನ್ನು ಮುಟ್ಟಬಹುದು" ಎಂಬ ಬೋರ್ಡು. ಮಕ್ಕಳೆಲ್ಲ ಈಗ ಅಲ್ಲೇ!

"ಬರೀ ಮುಟ್ಟಿದ್ರೆ ಏನಾಗುತ್ತೆ ತಾತ?" ಎಂದು ಕೇಳುತ್ತಾರೆ. ಮಕ್ಕಳೇ, ಕಾರಿನ ಮೇಲೆ ಕಣ್ಣಿಗೆ ಕಾಣದಷ್ಟು ಸಣ್ಣ ಧೂಳಿರುತ್ತದೆ. ಅದರ ಮೇಲೆ ಕೈ ಸವರಿದರೆ ಮರಳುಕಾಗದ ಉಜ್ಜಿದಂತೆ. ಬೆವರಿನಲ್ಲಿ ಉಪ್ಪಿರುತ್ತದೆ, ಹೊಳೆಯುವ ಲೋಹ ಅದರಿಂದ ಮಂಕಾಗುತ್ತದೆ.

ಆದ್ದರಿಂದ ಕೈ ಹಿಂದೆ ಕಟ್ಟಿಕೊಂಡು ನೋಡಿ. ಬ್ಯಾಗು, ಐಸ್‌ಕ್ರೀಮು ದೂರವಿರಲಿ. ಒಳಗೆ ನೋಡುವ ಆಸೆಯಾದರೆ ಮಾಲೀಕರನ್ನು ಕೇಳಿ. ಅಜ್ಜ ಅಜ್ಜಿಯರೇ, ಮೊಮ್ಮಕ್ಕಳನ್ನು ಬಾನೆಟ್ ಮೇಲೆ ಕೂರಿಸಬೇಡಿ. ನಿಮ್ಮ ಕಾಲದ ಕಾರಿನ ಕಥೆ ಹೇಳಿ.

ಕೇಳಿದ ಮಕ್ಕಳನ್ನು ನಾನು ಒಬ್ಬೊಬ್ಬರನ್ನಾಗಿ ಸೀಟಿನಲ್ಲಿ ಕೂರಿಸಿ ಹಾರ್ನ್ ಬಾರಿಸಲು ಬಿಡುತ್ತೇನೆ. ಆ ಹುಡುಗ ಮತ್ತೆ ಬಂದರೆ, ಮೊದಲ ಸರದಿ ಅವನದೇ.